ಮದುವೆ, ಜಾತ್ರೆ, ಸಂತೆ, ಗರಡಿ: ನಿಮ್ಮ ಊರಿಗೆ ಒಗ್ಗುವ ಕ್ರೀಡಾ ಆತಿಥ್ಯ ಯಾವುದು?

ಕ್ರೀಡಾಕೂಟದ ಆಸೆ ಹತ್ತಿಸುವ ಕಡತ ಯಾವ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲ ಪುಟದಲ್ಲಿ ಕ್ರೀಡಾಂಗಣದ ಬಣ್ಣದ ಚಿತ್ರ, ಎರಡನೆಯದರಲ್ಲಿ 'ಇಷ್ಟು ಸಾವಿರ ಕೋಟಿಯ ಆರ್ಥಿಕ ಚಟುವಟಿಕೆ' ಎಂಬ ದಪ್ಪಕ್ಷರ, ಮೂರನೆಯದರಲ್ಲಿ ಉದ್ಯೋಗದ ಲೆಕ್ಕ. ನಷ್ಟವಾದರೆ ತುಂಬಿಕೊಡುವವರು ಯಾರು ಎನ್ನುವುದು ಕೊನೆಯ ಅನುಬಂಧದಲ್ಲಿರುತ್ತದೆ, ಅದೂ ಇದ್ದರೆ. ಅಹಮದಾಬಾದ್‌ಗೆ 2030ರ ಕಾಮನ್‌ವೆಲ್ತ್ ಕೂಟ ಸಿಕ್ಕಿದೆ. 2036ರ ಒಲಿಂಪಿಕ್ಸ್‌ಗೂ ಭಾರತ ಆಸಕ್ತಿ ಪತ್ರ ಕೊಟ್ಟಾಗಿದೆ. ಹಾಗಾಗಿ ಇನ್ನಷ್ಟು ವರ್ಷ ಇಂಥ ಕಡತಗಳು ಪಾಲಿಕೆಗಳ, ವಾಣಿಜ್ಯ ಸಂಘಗಳ ಮೇಜಿಗೆ ಬರುತ್ತಲೇ ಇರುತ್ತವೆ. ಬಂದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಕೈಮುಗಿದು ಕಳಿಸಬೇಕು ಎನ್ನುವುದಕ್ಕೆ ಈ ಬರಹ.

ಊರಿನ ಸ್ಪರ್ಧಾಶಕ್ತಿ ಅಂದರೆ ನನ್ನ ಪ್ರಕಾರ ಮೂರು ಕಾರಣಗಳು. ಕಂಪನಿಯೊಂದು ಮುಂದಿನ ಕಚೇರಿಯನ್ನು ಪಕ್ಕದ ರಾಜ್ಯದಲ್ಲಿ ತೆರೆಯದೆ ನಿಮ್ಮಲ್ಲಿ ತೆರೆಯಲು ಇರುವ ಕಾರಣ. ಓದಿದ ಮಕ್ಕಳು ಊರು ಬಿಡದೆ ಉಳಿಯಲು ಇರುವ ಕಾರಣ. ಒಮ್ಮೆ ಬಂದವರು ಇನ್ನೊಮ್ಮೆ ಬರಲು ಇರುವ ಕಾರಣ. ಕೂಟ ನಡೆಯುವ ಹದಿನೈದು ದಿನ ಹೋಟೆಲ್ ತುಂಬಿದ್ದು ಈ ಮೂರರಲ್ಲಿ ಯಾವುದೂ ಅಲ್ಲ.

ಆಯ್ಕೆಗಳು ನಾಲ್ಕು. ಒಂದೇ ಸಲ ನಡೆಯುವ ಭಾರಿ ಕೂಟ: ಇದು ಮದುವೆ. ವರ್ಷಕ್ಕೊಮ್ಮೆ ಅದೇ ಊರಿನಲ್ಲಿ ನಡೆಯುವ ಪಂದ್ಯಾವಳಿ: ಇದು ಜಾತ್ರೆ. ಋತುವಿಡೀ ನಡೆಯುವ ಲೀಗ್ ತಂಡದ ಪಂದ್ಯಗಳು: ಸಂತೆ. ಪಂದ್ಯದ ಗೊಡವೆಯೇ ಇಲ್ಲದೆ ತರಬೇತಿ ಕೇಂದ್ರ, ಕ್ರೀಡಾ ಸಂಸ್ಥೆಗಳ ಕಚೇರಿ, ಕ್ರೀಡಾ ವೈದ್ಯಕೀಯವನ್ನು ಬೆಳೆಸುವುದು: ಗರಡಿ.

ಮೊದಲು ಆ ದಪ್ಪಕ್ಷರದ ಲೆಕ್ಕ

ಚಿನ್ನಸ್ವಾಮಿಯಲ್ಲಿ ಪಂದ್ಯವಿದ್ದ ಸಂಜೆ ಚರ್ಚ್ ಸ್ಟ್ರೀಟಿನ ಹೋಟೆಲ್‌ಗಳಿಗೆ ಕೈ ತುಂಬ ವ್ಯಾಪಾರ. ಆದರೆ ಅಲ್ಲಿ ಊಟ ಮಾಡಿದವರಲ್ಲಿ ಬಹುಪಾಲು ಮಂದಿ ಜಯನಗರದವರು, ವೈಟ್‌ಫೀಲ್ಡಿನವರು. ಪಂದ್ಯವಿಲ್ಲದಿದ್ದರೆ ಅದೇ ದುಡ್ಡನ್ನು ತಮ್ಮ ಬಡಾವಣೆಯಲ್ಲೇ ಸಿನಿಮಾಕ್ಕೋ ಮಸಾಲೆ ದೋಸೆಗೋ ಖರ್ಚು ಮಾಡುತ್ತಿದ್ದರು. ಊರಿನ ಎಡ ಜೇಬಿನಿಂದ ಬಲ ಜೇಬಿಗೆ ಹೋದ ಹಣವನ್ನು ಕಡತ ಹೊಸ ಆದಾಯವೆಂದು ಬರೆದುಕೊಳ್ಳುತ್ತದೆ. ಅಮೆರಿಕದಲ್ಲಿ 1994ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದ್ದರಿಂದ ಋತು ಅರ್ಧಕ್ಕೇ ನಿಂತಿತು. ಅಂಥ ಮುಷ್ಕರಗಳ ಕಾಲದ ಅಂಕಿಅಂಶ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ, ತಂಡಗಳಿದ್ದ ನಗರಗಳ ಆದಾಯದಲ್ಲಿ ಗುರುತಿಸುವಷ್ಟು ಇಳಿತ ಕಾಣಲಿಲ್ಲ. ಆಟ ನಿಂತಾಗ ಕಳೆದುಹೋಗದ ಆದಾಯ, ಆಟ ಬಂದಾಗ ಎಲ್ಲಿಂದ ಬಂದೀತು?

ಬರಬೇಕಾದವರು ಬಾರದೆ ಹೋಗುವುದು ಇನ್ನೊಂದು. 2012ರ ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಸುಮಾರು 5% ಕಡಿಮೆ. ನೂಕುನುಗ್ಗಲು, ದುಬಾರಿ ಕೊಠಡಿ ಎಂದು ಹೆದರಿ ಮಾಮೂಲಿ ಪ್ರವಾಸಿಗರು ದೂರ ಉಳಿದರು. ಲಂಡನ್ನಿನ ವೆಸ್ಟ್ ಎಂಡ್ ಅಂಗಡಿಯವರು ಖಾಲಿ ಕೂತರು. ಇದರ ಜೊತೆಗೆ ಸೋರಿಕೆ ಬೇರೆ: ಪ್ರಸಾರ ಹಕ್ಕು, ಮುಖ್ಯ ಪ್ರಾಯೋಜಕತ್ವ ಇವುಗಳ ದೊಡ್ಡ ಪಾಲು ಕೂಟದ ಒಡೆತನವಿರುವ ಸಂಸ್ಥೆಗೆ ಹೋಗುತ್ತದೆ. ಊರಿಗೆ ಉಳಿಯುವುದು ಬಂದೋಬಸ್ತು, ಕಸ, ಮತ್ತು ಕಟ್ಟಡ.

ಇಷ್ಟು ಹೇಳಿದ ಮೇಲೆ ಆತಿಥ್ಯವೇ ದಂಡ ಎನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಲಾಭವಿದೆ, ಕಡತದಲ್ಲಿ ತೋರಿಸಿದ ಕಡೆ ಇಲ್ಲ.

ಮದುವೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಒಲಿಂಪಿಕ್ಸ್‌ಗೆ ಹೊರಟ ನಗರ ಎರಡನ್ನೂ ಒಂದೇ ಮುಹೂರ್ತಕ್ಕೆ ಮಾಡಲು ಹೋಗುತ್ತದೆ. ಮುಹೂರ್ತ ಮುಂದೆ ಹೋಗುವಂತಿಲ್ಲ, ಅದು ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತು. ಮದುವೆ ದಿನ ಬೆಳಗಿನ ಜಾವ ಮಲ್ಲಿಗೆ ಹೂವಿನ ಬೆಲೆ ಕೇಳಲು ಹೋದವರ ಪಾಡೇ ಪಾಲಿಕೆಯದೂ. 1960ರಿಂದೀಚಿನ ಒಲಿಂಪಿಕ್ಸ್‌ಗಳ ಲೆಕ್ಕ ತೆಗೆದ ಆಕ್ಸ್‌ಫರ್ಡ್ ಸಂಶೋಧಕರಿಗೆ, ಹೇಳಿದ ಬಜೆಟ್ಟಿನೊಳಗೆ ಮುಗಿದದ್ದು ಒಂದೂ ಸಿಗಲಿಲ್ಲ.

ಕೆಟ್ಟ ಉದಾಹರಣೆಗೆ ಮಾಂಟ್ರಿಯಲ್ ಸಾಕು. ಒಲಿಂಪಿಕ್ಸ್ ನಷ್ಟ ಮಾಡುವುದೆಂದರೆ ಗಂಡಸು ಹೆತ್ತಂತೆ ಎಂದು ಅದರ ಮೇಯರ್ ಜಾನ್ ದ್ರಾಪೋ ಹೇಳಿದ್ದರು. 1976ರ ಕೂಟ ಬಿಟ್ಟುಹೋದ ಸುಮಾರು 150 ಕೋಟಿ ಕೆನಡಾ ಡಾಲರ್ ಸಾಲ ತೀರಿದ್ದು 2006ರಲ್ಲಿ, ತಂಬಾಕಿನ ಮೇಲೆ ಹಾಕಿದ ತೆರಿಗೆಯ ನೆರವಿನಿಂದ. ಕ್ರೀಡಾಂಗಣದ ಗೋಪುರ ಪೂರ್ತಿಯಾದದ್ದು ಕೂಟ ಮುಗಿದು ಹನ್ನೊಂದು ವರ್ಷವಾದ ಮೇಲೆ. 2024ರಲ್ಲಿ ಅದೇ ಕ್ರೀಡಾಂಗಣದ ಚಾವಣಿ ಬದಲಿಸಲು ಇನ್ನೂ 87 ಕೋಟಿ ಡಾಲರ್ ಎಂದು ಕ್ವಿಬೆಕ್ ಸರ್ಕಾರ ಪ್ರಕಟಿಸಿತು.

ಮಾಂಟ್ರಿಯಲ್‌ನ ಗತಿ ಕಂಡು ಉಳಿದ ಊರುಗಳು ಹಿಂದೆ ಸರಿದದ್ದರಿಂದಲೇ ಲಾಸ್ ಏಂಜಲೀಸ್ ಗೆದ್ದಿತು. 1984ರ ಕೂಟಕ್ಕೆ ಕೊನೆಗೆ ಉಳಿದ ಅರ್ಜಿ ಅದೊಂದೇ. ಒಬ್ಬರೇ ಇದ್ದಾಗ ಷರತ್ತು ಅವರದೇ: ತೆರಿಗೆ ಹಣದ ಖಾತರಿ ಕೊಡುವುದಿಲ್ಲ ಎಂದರು. 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕೊಲಿಸಿಯಂ ಅನ್ನೇ ಬಳಸಿದರು, ಆಟಗಾರರನ್ನು ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಮಲಗಿಸಿದರು. ಉಳಿತಾಯ 23 ಕೋಟಿ ಡಾಲರಿಗೂ ಹೆಚ್ಚು. ಆದರೆ ಊರು ಬದಲಾಯಿತೇ ಎಂದರೆ ಅಷ್ಟೇನಿಲ್ಲ. ಏನನ್ನೂ ಕಟ್ಟದ ಮದುವೆ ಸಾಲ ಮಾಡುವುದಿಲ್ಲ, ಮನೆಯನ್ನೂ ಬದಲಿಸುವುದಿಲ್ಲ.

ಬದಲಾದದ್ದು ಬಾರ್ಸಿಲೋನಾ. ಅದನ್ನು ತಪ್ಪಾಗಿ ಓದಿಕೊಂಡವರೇ ಹೆಚ್ಚಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಊರು ಕಡಲ ತೀರದಲ್ಲಿದ್ದೂ ಕಡಲಿಗೆ ಬೆನ್ನು ಹಾಕಿತ್ತು: ಮಧ್ಯೆ ರೈಲು ಹಳಿ, ಹಳೆ ಕಾರ್ಖಾನೆ, ಗೋದಾಮು. ಇದನ್ನು ಸರಿಪಡಿಸುವ ಯೋಚನೆ 1992ರ ಕೂಟಕ್ಕಾಗಿ ಹುಟ್ಟಿದ್ದಲ್ಲ. ಮಹಾನಗರದ ಯೋಜನೆ 1976ರಲ್ಲೇ ತಯಾರಾಗಿತ್ತು, ಆದರೆ ದುಡ್ಡಿರಲಿಲ್ಲ, ನಮಗೆ ದಿಲ್ಲಿ ಇದ್ದ ಹಾಗೆ ಅವರಿಗೆ ದೂರದ ರಾಜಧಾನಿಯಾದ ಮ್ಯಾಡ್ರಿಡ್‌ನ ಒಪ್ಪಿಗೆಯೂ ಇರಲಿಲ್ಲ. ಮೇಯರ್ ಪಾಸ್ಕ್ವಾಲ್ ಮಾರಗಾಲ್ ಕೂಟವನ್ನು ನೆಪ ಮಾಡಿಕೊಂಡು ಮ್ಯಾಡ್ರಿಡ್‌ನಿಂದ ಹಣ ತಂದರು. ಒಟ್ಟು ಖರ್ಚಿನಲ್ಲಿ ಕ್ರೀಡಾಂಗಣಗಳಿಗೆ ಹೋದದ್ದು ಚಿಕ್ಕ ಪಾಲು, ಉಳಿದದ್ದು ವರ್ತುಲ ರಸ್ತೆ, ವಿಮಾನ ನಿಲ್ದಾಣ, ಒಳಚರಂಡಿ, ಕಡಲ ತೀರಕ್ಕೆ. ಕಂಪನಿಗೆ ಯಾವ ಊರು ಒಳ್ಳೆಯದು ಎಂದು ಯುರೋಪಿನ ಉದ್ಯಮಿಗಳನ್ನು ಕೇಳಿ ಮಾಡುತ್ತಿದ್ದ ಪಟ್ಟಿಯೊಂದರಲ್ಲಿ 1990ರಲ್ಲಿ 11ನೆಯದಾಗಿದ್ದ ಬಾರ್ಸಿಲೋನಾ 2010ಕ್ಕೆ 5ನೆಯದು. ಸ್ಪೇನ್ 1986ರಲ್ಲಿ ಯುರೋಪಿನ ಒಕ್ಕೂಟ ಸೇರಿದ್ದೂ ಇದರಲ್ಲಿ ಸೇರಿದೆ, ಎಲ್ಲ ಪುಣ್ಯ ಕೂಟದ್ದೇ ಅಲ್ಲ. ಗೆಲುವಿನ ಬಿಲ್ಲೂ ತಡವಾಗಿ ಬಂತು. 2024ರ ಬೇಸಿಗೆಯಲ್ಲಿ ಅಲ್ಲಿನ ನಿವಾಸಿಗಳು ಬಾಡಿಗೆ ಏರಿಸಿದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಫ್ಲ್ಯಾಟುಗಳ ಪರವಾನಗಿಯನ್ನು 2028ರೊಳಗೆ ನಿಲ್ಲಿಸುವುದಾಗಿ ಈಗಿನ ಮೇಯರ್ ಹೇಳಿದ್ದಾರೆ.

ಮುಹೂರ್ತಕ್ಕೆ ಇರುವ ಶಕ್ತಿ ಇಷ್ಟೇ: ಮೊದಲೇ ಪಟ್ಟಿಯಲ್ಲಿದ್ದ ಕೆಲಸವನ್ನು ಅದು ಮುಗಿಸುತ್ತದೆ. ಪಟ್ಟಿಯೇ ಇಲ್ಲದವರಿಗೆ ಚಪ್ಪರ ಮಾತ್ರ ಉಳಿಯುತ್ತದೆ. ದಿಲ್ಲಿಯ 2010ರ ಕಾಮನ್‌ವೆಲ್ತ್ ಕೂಟದಲ್ಲಿ ಇವೆರಡೂ ಒಂದೇ ಕಡೆ ಕಾಣುತ್ತವೆ. ಸಿಎಜಿ ಲೆಕ್ಕದಲ್ಲಿ ಸರ್ಕಾರಗಳ ಖರ್ಚು ಸುಮಾರು 18,500 ಕೋಟಿ ರೂಪಾಯಿ. ಕ್ರೀಡಾಂಗಣದ ಬಳಿಯ ಕಾಲುಸೇತುವೆ ಉದ್ಘಾಟನೆಗೆ ಮೊದಲೇ ಕುಸಿಯಿತು, ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮರುವರ್ಷ ಬಂಧನಕ್ಕೊಳಗಾದರು. ಇಷ್ಟಾದರೂ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್ ಜುಲೈನಲ್ಲಿ ಸಿದ್ಧವಾಯಿತು, ಮೆಟ್ರೋದ ನೇರಳೆ ಮಾರ್ಗ ಉದ್ಘಾಟನೆಯ ದಿನವೇ ಓಡಿತು. ವಿಮಾನ ನಿಲ್ದಾಣದ ಮೆಟ್ರೋ ಮಾತ್ರ ಮುಹೂರ್ತ ತಪ್ಪಿಸಿಕೊಂಡು 2011ರ ಫೆಬ್ರವರಿಯಲ್ಲಿ ಬಂತು. ಇವತ್ತು ದಿಲ್ಲಿಗೆ ಬರುವ ಕಂಪನಿಯವರಿಗೆ ನೆನಪಿರುವುದು ಟರ್ಮಿನಲ್, ಮೆಟ್ರೋ. ಯಾವ ದೇಶ ಎಷ್ಟು ಪದಕ ಗೆದ್ದಿತು ಎನ್ನುವುದಲ್ಲ.

ಕ್ರೀಡಾಂಗಣವನ್ನು ಕಟ್ಟಲೇಬೇಕಾಗಿ ಬಂದರೆ ಮ್ಯಾಂಚೆಸ್ಟರ್, ಲಂಡನ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮ್ಯಾಂಚೆಸ್ಟರ್ 2002ರ ಕಾಮನ್‌ವೆಲ್ತ್‌ಗೆ ಕಟ್ಟುವಾಗಲೇ ಕೂಟದ ನಂತರ ಇದು ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ತಂಡಕ್ಕೆ ಎಂದು ತೀರ್ಮಾನಿಸಿತ್ತು. ಓಟದ ಪಥ ಕಿತ್ತು, ನೆಲವನ್ನು ತಗ್ಗಿಸಿ ಆಸನ ಹೆಚ್ಚಿಸಿ, 2003ಕ್ಕೆ ತಂಡ ಒಳಗೆ ಬಂತು. ಲಂಡನ್ 2012ರ ಒಲಿಂಪಿಕ್ಸ್‌ಗೆ ಮೊದಲು ಕಟ್ಟಿತು, ಆಮೇಲೆ ಬಾಡಿಗೆದಾರರನ್ನು ಹುಡುಕಿತು. ಮಾರ್ಪಾಡಿಗೆ ಮತ್ತೆ 32 ಕೋಟಿ ಪೌಂಡಿನಷ್ಟು ಸುರಿಯಬೇಕಾಯಿತು, ವೆಸ್ಟ್ ಹ್ಯಾಮ್ ತಂಡ ಕೊಟ್ಟದ್ದು ಒಂದೂವರೆ ಕೋಟಿ.

ಒಪ್ಪಿಕೊಂಡು ಬಿಟ್ಟವರೂ ಇದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಖರ್ಚು 260 ಕೋಟಿಯಿಂದ 600-700 ಕೋಟಿ ಡಾಲರಿಗೆ ಏರುತ್ತದೆಂದು 2023ರಲ್ಲಿ ಹಿಂದೆ ಸರಿಯಿತು. ನಿಶ್ಚಿತಾರ್ಥ ಮುರಿದದ್ದಕ್ಕೆ 38 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಜಾಣತನವೇ, ತಡವಾದ ಜಾಣತನ. ಆ ಕೂಟವನ್ನು ಗ್ಲಾಸ್ಗೋ ವಹಿಸಿಕೊಂಡಿತು, ಹತ್ತೇ ಕ್ರೀಡೆಗೆ ಇಳಿಸಿ, ಇದ್ದ ನಾಲ್ಕು ತಾಣಗಳಲ್ಲಿ.

ಒಂದು ತಮಾಷೆಯ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಆಂಡ್ರ್ಯೂ ರೋಸ್, ಮಾರ್ಕ್ ಸ್ಪೀಗೆಲ್ ಎಂಬ ಅರ್ಥಶಾಸ್ತ್ರಜ್ಞರು ಒಲಿಂಪಿಕ್ಸ್ ನಡೆಸಿದ ದೇಶಗಳ ರಫ್ತು ಗಣನೀಯವಾಗಿ ಏರಿದ್ದನ್ನು ತೋರಿಸಿದರು. ಬಿಡ್ ಹಾಕಿ ಸೋತ ದೇಶಗಳದ್ದೂ ಅಷ್ಟೇ ಏರಿತ್ತು! ಅಂದರೆ ಲಾಭ ಕೊಟ್ಟದ್ದು ಆಟವಲ್ಲ, 'ನಮ್ಮ ಬಾಗಿಲು ತೆರೆದಿದೆ' ಎಂದು ಜಗತ್ತಿಗೆ ಹೇಳಿದ್ದು. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಮನೆಗೆ ಸುಣ್ಣ ಬಳಿದರೆ, ಸಂಬಂಧ ಕೂಡದಿದ್ದರೂ ಸುಣ್ಣ ಉಳಿಯುತ್ತದೆ.

ಜಾತ್ರೆ

ಮದುವೆಗೆ ಒಂದೇ ಮುಹೂರ್ತ, ಜಾತ್ರೆಗೆ ಪ್ರತಿ ವರ್ಷ. ಈ ವರ್ಷದ ತಪ್ಪನ್ನು ಮುಂದಿನ ವರ್ಷ ತಿದ್ದಬಹುದು. ಬೆಂಗಳೂರಿನ 10ಕೆ ಓಟ 2008ರಿಂದ ನಡೆಯುತ್ತಿದೆ. ಅದಕ್ಕಾಗಿ ಯಾರೂ ಕ್ರೀಡಾಂಗಣ ಕಟ್ಟಲಿಲ್ಲ. ರಸ್ತೆ ಇದ್ದದ್ದೇ, ಭಾನುವಾರ ಬೆಳಗ್ಗೆ ಕೆಲವು ಗಂಟೆ ಮುಚ್ಚಿದರಾಯಿತು. ಮಧ್ಯಾಹ್ನಕ್ಕೆ ಊರು ಯಥಾಪ್ರಕಾರ. ಹೊರಗಿನಿಂದ ಓಡಲು ಬಂದವರು ರಾತ್ರಿ ತಂಗುತ್ತಾರೆ, ಅದು ನಿಜವಾಗಿ ಹೊರಗಿನ ದುಡ್ಡು. ಮೊತ್ತ ದೊಡ್ಡದಲ್ಲ, ಆದರೆ ಹೂಡಿದ್ದೂ ದೊಡ್ಡದಲ್ಲ.

ದುಬಾರಿ ಜಾತ್ರೆಯನ್ನು ಹೇಗೆ ನಡೆಸಬೇಕೆಂದು ಕಲಿಯಲು ಸಿಂಗಪುರವಿದೆ. 2008ರಲ್ಲಿ ಶುರುವಾದ ಅಲ್ಲಿನ ಫಾರ್ಮುಲಾ 1 ರಾತ್ರಿ ಓಟದ ಖರ್ಚಿನಲ್ಲಿ 60% ಸರ್ಕಾರದ್ದು. ನನಗೆ ಮೆಚ್ಚಿಕೆಯಾದದ್ದು ಆ ಪಾಲನ್ನು ಹೊಂದಿಸಿದ ರೀತಿ. ಓಟದಿಂದ ಲಾಭ ಪಡೆಯುವ ಹೋಟೆಲ್‌ಗಳಿಂದಲೇ ಕೊಠಡಿ ಆದಾಯದ ಮೇಲೆ ಸೆಸ್ ಹಾಕಿದರು: ಮೊದಲ ವರ್ಷ ಪಥದ ಪಕ್ಕದವರಿಗೆ 30%, ಉಳಿದವರಿಗೆ 20%. ರಥ ಎಳೆಯುವ ಬೀದಿಯ ಅಂಗಡಿಯವರು ಹೆಚ್ಚು ವಂತಿಗೆ ಕೊಡುವ ನಮ್ಮ ಊರಿನ ಪದ್ಧತಿಯೇ ಇದು. ಓಟದ ವಾರವನ್ನೇ ಹಿಡಿದು ವ್ಯಾಪಾರ ಸಮ್ಮೇಳನಗಳನ್ನೂ ಇಟ್ಟುಕೊಂಡರು, ಹಾಗಾಗಿ ಓಟ ನೋಡಲು ಬಂದವರು ವ್ಯವಹಾರವನ್ನೂ ಮಾತಾಡಿ ಹೋದರು.

ಜಾತ್ರೆಯ ಅಪಾಯ ಅದು ನಿಂತುಹೋಗುವುದು. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರವರಿಯಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಟ ನಡೆಯಿತು. ಸರ್ಕಾರ ಬದಲಾಯಿತು, 2024ರ ಓಟ ರದ್ದಾಯಿತು, ಆಮೇಲೆ ಪಾವತಿಗಳ ಮೇಲೆ ತನಿಖೆ ಬಂತು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲೂ ಫಾರ್ಮುಲಾ 1 ನಡೆದದ್ದು 2011ರಿಂದ 2013ರವರೆಗೆ ಮೂರೇ ಸಲ. ಒಂದು ಸರ್ಕಾರದ ಉತ್ಸಾಹದ ಮೇಲೆ ನಿಂತ ಜಾತ್ರೆಗೆ ತೇರು ಕಟ್ಟಿಸಬೇಡಿ.

ಜಾತ್ರೆಯ ಇನ್ನೊಂದು ಬಗೆ ಒಂದೇ ಆಟವನ್ನು ಹಿಡಿದು ಹೆಸರು ಮಾಡುವುದು. ಭುವನೇಶ್ವರ ಹಾಕಿಯನ್ನು ಹಿಡಿಯಿತು. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕ. 2018ರ ವಿಶ್ವಕಪ್ ಭುವನೇಶ್ವರದಲ್ಲಿ, 2023ರದ್ದು ಅಲ್ಲಿ ಮತ್ತು ರೂರ್ಕೆಲಾದಲ್ಲಿ. ಹಾಕಿ ಅಂದರೆ ಹಿಂದೆ ಕೊಡಗು ನೆನಪಾಗುತ್ತಿತ್ತು, ಕೌಟುಂಬಿಕ ಹಾಕಿ ಹಬ್ಬ ನಮ್ಮದೇ ಹೆಮ್ಮೆ. ಹೆಮ್ಮೆಯನ್ನು ನಾವು ಇಟ್ಟುಕೊಂಡೆವು, ಪಂದ್ಯಗಳನ್ನು ಅವರು ತೆಗೆದುಕೊಂಡು ಹೋದರು.

ಸಂತೆ

ಲೀಗ್ ತಂಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಡ ಜೇಬು ಬಲ ಜೇಬಿನ ಲೆಕ್ಕ ಹೆಚ್ಚು ಅನ್ವಯಿಸುವುದು ಇದಕ್ಕೇ, ಏಕೆಂದರೆ ನೋಡಲು ಬರುವವರು ಊರಿನವರೇ. ತಂಡ ಊರಿಗೆ ಕೊಡುವುದು ಹೆಸರು, ಸಂಜೆಯ ಸಂತೋಷ. ಅದಕ್ಕೆ ಬೆಲೆಯಿದೆ, ಆದರೆ ತೆರಿಗೆ ಹಣದಲ್ಲಿ ಖಾಸಗಿ ತಂಡಕ್ಕೆ ಕ್ರೀಡಾಂಗಣ ಕಟ್ಟಿಕೊಡುವಷ್ಟಲ್ಲ.

ಮಾಡಿದ ಹೆಸರು ಹೋಗುವುದು ಮಾತ್ರ ಬಹಳ ಬೇಗ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದೇ ವರ್ಷದ ಮಹಿಳಾ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ಬೆಂಗಳೂರಿನಲ್ಲಿ ಆಗಬೇಕಿತ್ತು. ಪೊಲೀಸರ ಅನುಮತಿ ಸಿಗಲಿಲ್ಲ. ಉದ್ಘಾಟನೆ ಗುವಾಹಟಿಗೆ ಹೋಯಿತು, ನವೆಂಬರ್ 2ರಂದು ಭಾರತ ಕಪ್ ಎತ್ತಿದ್ದು ನವಿ ಮುಂಬಯಿಯಲ್ಲಿ. ಜನರನ್ನು ಕ್ಷೇಮವಾಗಿ ಒಳಗೆ ಬಿಟ್ಟು ಹೊರಗೆ ಕಳಿಸುವುದು ಎಷ್ಟು ದೊಡ್ಡ ಆರ್ಥಿಕ ಸಾಮರ್ಥ್ಯ ಎಂದು ಯಾವ ಕಡತದಲ್ಲೂ ನಾನು ಓದಿಲ್ಲ.

ಗರಡಿ

ಸ್ವಿಟ್ಜರ್ಲೆಂಡಿನ ಲೊಸಾನ್ ಒಮ್ಮೆಯೂ ಬೇಸಿಗೆ ಒಲಿಂಪಿಕ್ಸ್ ನಡೆಸಿಲ್ಲ. 1960ರ ಕೂಟಕ್ಕೆ ಬಿಡ್ ಹಾಕಿ ರೋಮ್ ಎದುರು ಸೋತಿತ್ತು. ಆದರೆ ಮೊದಲ ಮಹಾಯುದ್ಧದ ಗಲಾಟೆಯಲ್ಲಿ, 1915ರಲ್ಲಿ, ಒಲಿಂಪಿಕ್ ಸಮಿತಿಯ ಕಚೇರಿ ಅಲ್ಲಿಗೆ ಬಂತು. ಅದರ ಹಿಂದೆ ಒಂದೊಂದೇ ಅಂತರರಾಷ್ಟ್ರೀಯ ಫೆಡರೇಷನ್, 1984ರಲ್ಲಿ ಕ್ರೀಡಾ ನ್ಯಾಯಮಂಡಳಿ, ಅವುಗಳ ಹಿಂದೆ ವಕೀಲರು, ಅನುವಾದಕರು, ಸಮ್ಮೇಳನಗಳು, ಕ್ರೀಡಾ ಆಡಳಿತ ಕಲಿಸುವ ಸಂಸ್ಥೆಗಳು. ವರ್ಷದ ಹನ್ನೆರಡು ತಿಂಗಳೂ ಸಂಬಳ ಬರುವ ಕೆಲಸಗಳಿವು. ಕೂಟದ ಹದಿನೈದು ದಿನದ ಸ್ವಯಂಸೇವಕ ಟೀ ಶರ್ಟ್ ಅಲ್ಲ.

ಇಂಡಿಯಾನಾಪೊಲಿಸ್ ಇದನ್ನೇ ಯೋಜನೆ ಹಾಕಿ ಮಾಡಿತು. ಎಪ್ಪತ್ತರ ದಶಕದ ಕೊನೆಗೆ ಕಾರ್ಖಾನೆಗಳು ಕುಗ್ಗಿ, ಊರಿನ ನಡುಭಾಗ ಸಂಜೆಗೆ ಖಾಲಿಯಾಗುತ್ತಿತ್ತು. 1979ರಲ್ಲಿ ಕ್ರೀಡೆಗೆಂದೇ ಒಂದು ನಿಗಮ ಮಾಡಿಕೊಂಡು, ಈಜುಕೊಳ, ಓಟದ ಪಥಗಳನ್ನು ವಿಶ್ವವಿದ್ಯಾಲಯದ ಆವರಣದಲ್ಲೇ ಕಟ್ಟಿದರು, ಕೂಟ ಇಲ್ಲದ ದಿನ ವಿದ್ಯಾರ್ಥಿಗಳು ಬಳಸುವಂತೆ. 1987ರ ಪ್ಯಾನ್ ಅಮೆರಿಕನ್ ಕೂಟವನ್ನು ಸ್ಯಾಂಟಿಯಾಗೊ ಬಿಟ್ಟಿತು, ಆಮೇಲೆ ಕ್ವಿಟೊ ಬಿಟ್ಟಿತು, ಇಂಡಿಯಾನಾಪೊಲಿಸ್ ಎತ್ತಿಕೊಂಡಿತು. 1999ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ತನ್ನ ಪ್ರಧಾನ ಕಚೇರಿಯನ್ನೇ ಅಲ್ಲಿಗೆ ತಂದಿತು.

ಬೆಂಗಳೂರು ಹೇಳಿಕೊಳ್ಳದೆ ಅರ್ಧ ಗರಡಿಯಾಗಿಬಿಟ್ಟಿದೆ. ಕ್ರಿಕೆಟ್ ಅಕಾಡೆಮಿ 2000ದಿಂದ ಇಲ್ಲೇ, ದೇವನಹಳ್ಳಿ ಕಡೆಯ ಸುಮಾರು 40 ಎಕರೆಯ ಹೊಸ ಕೇಂದ್ರ 2024ರಲ್ಲಿ ತೆರೆಯಿತು. ಯಲಹಂಕದಲ್ಲಿ ಪಡುಕೋಣೆ-ದ್ರಾವಿಡ್ ಕೇಂದ್ರ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ದಕ್ಷಿಣ ಕೇಂದ್ರದಲ್ಲಿ ಹಾಕಿ ಶಿಬಿರ. ಗಾಯವಾದ ಆಟಗಾರ ಹಿಡಿಯುವುದು ಬೆಂಗಳೂರಿನ ವಿಮಾನವನ್ನೇ.

ಹಾಗಾದರೆ ಯಾರಿಗೆ ಯಾವುದು

ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಊರಾದರೆ ಗರಡಿಯಿಂದ ಶುರು ಮಾಡಿ, ಒಂದು ಜಾತ್ರೆ ಕಟ್ಟಿಕೊಳ್ಳಿ. ಹವೆ, ವಿಶ್ವವಿದ್ಯಾಲಯ, ಆಸ್ಪತ್ರೆ ಮೂರೂ ಇರುವ ಊರಿಗೆ ತರಬೇತಿ ಕೇಂದ್ರ ಸುಲಭ. ಜಾತ್ರೆಗೆ ಒಂದೇ ಆಟ ಆರಿಸಿ, ಐದು ವರ್ಷದ ಹಣವನ್ನು ಸರ್ಕಾರದ ಹೊರಗೂ ಹೊಂದಿಸಿಕೊಂಡು ಆರಂಭಿಸಿ. ಕಡಲು, ನದಿ ಇರುವ ಊರು ಅವನ್ನೇ ಬಳಸಲಿ.

ಬೆಂಗಳೂರಿನಷ್ಟು ದೊಡ್ಡ ಊರು ಮದುವೆಯ ಮಾತಾಡಬಹುದು, ಒಂದು ಷರತ್ತಿನ ಮೇಲೆ: ಉಪನಗರ ರೈಲೋ, ಕೆರೆಗಳ ರಾಜಕಾಲುವೆಯೋ, ಯಾವುದಾದರೂ ಈಗಾಗಲೇ ಮಂಜೂರಾಗಿ ಕುಂಟುತ್ತಿರುವ ಕೆಲಸಕ್ಕೆ ಆ ಮುಹೂರ್ತವನ್ನು ಬರಹದಲ್ಲಿ ಕಟ್ಟಬೇಕು. ಹೊಸ ಕ್ರೀಡಾಂಗಣವೇ ಮುಖ್ಯ ಕಾಮಗಾರಿ ಎಂದು ಬರೆದಿದ್ದರೆ ಕಡತ ಮುಚ್ಚಿಬಿಡಿ. ಹಳಬರಿಗೆ ನೆನಪಿರಬಹುದು, 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟವನ್ನು ಇದೇ ಊರು ನಡೆಸಿತ್ತು. ಕೋರಮಂಗಲದಲ್ಲಿ ಆಟಗಾರರಿಗಾಗಿ ಕಟ್ಟಿದ ನ್ಯಾಷನಲ್ ಗೇಮ್ಸ್ ವಿಲೇಜ್‌ನಲ್ಲಿ ಇಂದು ಸಂಸಾರಗಳು ಬಾಳುತ್ತಿವೆ, ಸಂಜೆ ಮಕ್ಕಳು ಸೈಕಲ್ ಹೊಡೆಯುತ್ತಾರೆ.

ಕೇಳಲೇಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಖರ್ಚು ಮೂರು ಪಟ್ಟಾದರೆ ಯಾರ ಸಹಿ? ಲಂಡನ್ ಒಲಿಂಪಿಕ್ಸ್‌ನದು 240 ಕೋಟಿಯಿಂದ 930 ಕೋಟಿ ಪೌಂಡ್ ಆಯಿತು, ಅದೂ ಶಿಸ್ತಿನ ಊರು. ಕೂಟ ಮುಗಿದ ಆರನೇ ತಿಂಗಳ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಅವರ ಒಪ್ಪಂದ ಈಗಲೇ ಆಗಿದೆಯೇ? ಮತ್ತು ಬೇರೊಂದು ಊರು ಕೂಟವನ್ನು ಕೈಬಿಟ್ಟರೆ ಮೂರು ತಿಂಗಳಲ್ಲಿ ಎತ್ತಿಕೊಳ್ಳುವಷ್ಟು ನಿಮ್ಮಲ್ಲಿ ಏನು ಸಿದ್ಧವಿದೆ? 2017ರಲ್ಲಿ ರಾಂಚಿ ಏಷ್ಯನ್ ಅಥ್ಲೆಟಿಕ್ಸ್ ಆಗುವುದಿಲ್ಲ ಎಂದಾಗ ಭುವನೇಶ್ವರ 90 ದಿನದಲ್ಲಿ ಮಾಡಿ ಮುಗಿಸಿತು.

ಈ ಕೊನೆಯ ಪ್ರಶ್ನೆಗೆ ಬೆಂಗಳೂರು ಒಮ್ಮೆ ಚೆನ್ನಾಗಿಯೇ ಉತ್ತರ ಕೊಟ್ಟಿದೆ. ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ ಮೊದಲು ಹರಿಯಾಣದ ಪಂಚಕುಲದಲ್ಲಿ ಎಂದು ನಿಗದಿಯಾಗಿತ್ತು. ರಾತ್ರಿ ಪ್ರಸಾರಕ್ಕೆ ಬೇಕಾದಷ್ಟು ಬೆಳಕು ಅಲ್ಲಿರಲಿಲ್ಲ. 2025ರ ಜುಲೈ 5ರ ಸಂಜೆ ಅದು ಕಂಠೀರವದಲ್ಲಿ ನಡೆಯಿತು. 1997ರ ಕೂಟ ನಡೆದಿದ್ದ, ಫುಟ್‌ಬಾಲಿಗೆಂದು ದೀಪ ಉರಿಯುತ್ತಲೇ ಇದ್ದ ಅಂಗಳವದು.